ಪಾಠಾಂತರ ಮತ್ತು ಸ್ವೀಕಾರ: ‘ಮ್ಯಾಡ್‌ವಿಲನಿ’ ಆಲ್ಬಂ

ಕೃತಿಯ ರಚನೆ ಮುಗಿದು ಅದು ಪ್ರಕಟವಾದ ಮೇಲೆಯೇ ಸ್ವೀಕಾರದ ಚರಿತ್ರೆ ಮೊದಲಾಗುತ್ತದೆಂಬುದು ವಿಮರ್ಶೆಯಲ್ಲಿ ರೂಢಿಗೊಂಡ ಗ್ರಹಿಕೆ. ಈ ಅನುಕ್ರಮವನ್ನು ತಲೆಕೆಳಗು ಮಾಡಿದ ನಿದರ್ಶನವೊಂದು ಅಮೆರಿಕದ ಹಿಪ್ ಹಾಪ್ ಸಂಗೀತದಲ್ಲಿದೆ. ಲಾಸ್ ಏಂಜಲೀಸ್‌ನ ಸ್ಟೋನ್ಸ್ ಥ್ರೋ ಎಂಬ ಸ್ವತಂತ್ರ ಸಂಸ್ಥೆ 2004ರ ಮಾರ್ಚ್‌ನಲ್ಲಿ ಹೊರತಂದ ‘ಮ್ಯಾಡ್‌ವಿಲನಿ’ ಆ ಕೃತಿ. ಪದ ಕಟ್ಟಿ ನುಡಿದವನು ಎಂ.ಎಫ್. ಡೂಮ್, ಸಂಗೀತ ಸಂಯೋಜಿಸಿದವನು ಮ್ಯಾಡ್‌ಲಿಬ್. ‘ಮ್ಯಾಡ್‌ವಿಲನ್’ ಎಂಬುದು ಇಬ್ಬರ ಜಂಟಿ ಅಂಕಿತ.

ಡೂಮ್‌ನ ಪಾಲಿಗೆ ‘ಸ್ವತಂತ್ರ’ ಎಂಬುದು ಕೇವಲ ಸೌಂದರ್ಯತತ್ತ್ವವಾಗಿರಲಿಲ್ಲ. ಲಂಡನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿನ ಪರಿಸರದಲ್ಲಿ ಬೆಳೆದ ಡೇನಿಯಲ್ ಡುಮಿಲೆ, ತಮ್ಮ ಸಬ್‌ರಾಕ್‌ನೊಡನೆ ಕೆ.ಎಂ.ಡಿ. ಎಂಬ ತಂಡದಲ್ಲಿದ್ದ. 1993ರಲ್ಲಿ ತಮ್ಮ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಮರುವರ್ಷ ದೊಡ್ಡ ಕಂಪನಿ ತಂಡದ ಎರಡನೆಯ ಆಲ್ಬಮ್ಮನ್ನು ತಡೆಹಿಡಿದು ಒಪ್ಪಂದವನ್ನೂ ಕೈಬಿಟ್ಟಿತು. ಕೆಲವು ವರ್ಷಗಳ ಮೌನದ ನಂತರ ಅವನು ಮರಳಿದ್ದು ಮುಖವಾಡ ಧರಿಸಿ, ಸಣ್ಣ ಸಂಸ್ಥೆಗಳ ಆಸರೆಯಲ್ಲಿ. ಆಲ್ಬಮ್ಮಿನ ಹೊದಿಕೆಯನ್ನು ತುಂಬಿರುವುದು ಅದೇ ಲೋಹದ ಮುಖವಾಡದ ಕಪ್ಪುಬಿಳುಪು ಚಿತ್ರ.

ರಚನೆಯ ಸಂದರ್ಭವೂ ಗಮನಾರ್ಹ. 2002ರಲ್ಲಿ ಬ್ರೆಜಿಲ್‌ಗೆ ಹೋಗಿದ್ದ ಮ್ಯಾಡ್‌ಲಿಬ್ ಅಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ ಕೊಂಡ. ಸಾವೊ ಪಾಲೊ ನಗರದ ಹೋಟೆಲ್ ಕೋಣೆಯಲ್ಲಿ ಒಂದು ಸಣ್ಣ ಸ್ಯಾಂಪ್ಲರ್, ಕೈಯಲ್ಲಿ ಒಯ್ಯಬಹುದಾದ ಟರ್ನ್‌ಟೇಬಲ್ ಮತ್ತು ಕ್ಯಾಸೆಟ್ ಯಂತ್ರವನ್ನಷ್ಟೇ ಬಳಸಿ ಕೆಲವು ಸಂಯೋಜನೆಗಳನ್ನು ಸಿದ್ಧಪಡಿಸಿದ. ಆ ಪ್ರವಾಸದ ಅವಧಿಯಲ್ಲೇ ಅಪೂರ್ಣ ಕರಡು ಕಳವಾಗಿ, ಬಿಡುಗಡೆಗೆ ಒಂದು ವರ್ಷಕ್ಕೂ ಮೊದಲೇ ಅಂತರಜಾಲದಲ್ಲಿ ಹರಡಿತು. ಕೆಲಸ ನಿಂತುಹೋಯಿತು. ಇಬ್ಬರೂ ಬೇರೆ ಬೇರೆ ಯೋಜನೆಗಳತ್ತ ಹೊರಳಿದರು. ಮುಂದೆ ಮತ್ತೆ ಕೂಡಿದಾಗ ಡೂಮ್ ತನ್ನ ಪದಗಳನ್ನು ಹೊಸದಾಗಿ ಧ್ವನಿಮುದ್ರಿಸಿದ. ಕರಡಿನಲ್ಲಿದ್ದ ಏರುದನಿಯ ಬದಲು ತಗ್ಗಿದ, ಅವಸರವಿಲ್ಲದ ದನಿ ಬಂತು.

ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಎರಡು ಪಾಠಗಳಿವೆ. ಮೊದಲನೆಯದಕ್ಕೆ ಕರ್ತೃವಿನ ಒಪ್ಪಿಗೆಯಿಲ್ಲ. ಸಾವಿರಾರು ಮೈಲಿ ದೂರದ ಅಪರಿಚಿತರು ಕರಡನ್ನು ಕೇಳಿಯಾಗಿದೆ ಎಂಬ ಅರಿವಿನಲ್ಲೇ ಎರಡನೆಯ ಪಾಠ ರೂಪುಗೊಂಡಿತು. ಕಳವನ್ನು ಹೊಗಳುವ ಮಾತು ಇದಲ್ಲ. ಸಣ್ಣ ಸಂಸ್ಥೆಯೊಂದರ ದುಡಿಮೆಯೇ ಅದರಿಂದ ವ್ಯರ್ಥವಾಗಬಹುದಾಗಿತ್ತು. ಆದರೆ ತಗ್ಗುದನಿಯಿಂದ ಆದ ಲಾಭ ಅಲ್ಪವಲ್ಲ. ಡೂಮ್‌ನ ಪ್ರಾಸ ಸಾಲಿನ ತುದಿಗೆ ಕಟ್ಟುಬಿದ್ದುದಲ್ಲ. ಎರಡು ಮೂರು ಅಕ್ಷರಗಳ ಗುಂಪುಗಳಾಗಿ ಸಾಲಿನ ಒಳಗೆಲ್ಲ ಹರಡಿಕೊಳ್ಳುತ್ತದೆ. ವಾಕ್ಯ ತಾಳದ ಆವರ್ತವನ್ನು ದಾಟಿ ಮುಂದಿನದರ ನಡುವೆ ಮುಗಿಯುತ್ತದೆ. ಯತಿವಿಲಂಘನವನ್ನು ದೋಷವೆನ್ನದೆ ಗುಣವಾಗಿ ಬೆಳೆಸಿಕೊಂಡ ಕನ್ನಡ ಕಾವ್ಯದ ಅಭ್ಯಾಸಿಗೆ ಈ ನಡೆ ಅಪರಿಚಿತವೆನಿಸದು. ಕೂಗಿ ನುಡಿದಿದ್ದರೆ ಈ ಒಳಪ್ರಾಸಗಳು ಕಿವಿಗೆ ದಕ್ಕುತ್ತಿರಲಿಲ್ಲ.

2004ರ ವಿಮರ್ಶೆ ಆಲ್ಬಮ್ಮನ್ನು ತುಂಬುಹೃದಯದಿಂದ ಸ್ವಾಗತಿಸಿತು. ಸುಮಾರು 46 ನಿಮಿಷಗಳಲ್ಲಿ 22 ತುಣುಕುಗಳು, ಪಲ್ಲವಿ ಬಹುಮಟ್ಟಿಗೆ ಇಲ್ಲವೇ ಇಲ್ಲ. ಈ ಅಡಕವನ್ನು ಹಲವರು ದಿಟ್ಟ ಪ್ರಯೋಗವೆಂದು ಮೆಚ್ಚಿದರು. ಮೆಚ್ಚುಗೆ ಸರಿಯೇ; ಆದರೆ ಅದು ಅರ್ಧ ಮಾತ್ರ. ಪಲ್ಲವಿಯನ್ನು ಕೈಬಿಡುವ ಸ್ವಾತಂತ್ರ್ಯ, ರೇಡಿಯೊ ಪ್ರಸಾರವನ್ನು ನೆಚ್ಚಿ ಬದುಕಬೇಕಿಲ್ಲದ ಪ್ರಕಟಣಾ ವ್ಯವಸ್ಥೆಯಿಂದ ಒದಗಿದ್ದು. ರೂಪವನ್ನು ಪ್ರತಿಭೆಯೊಂದಕ್ಕೇ ಆರೋಪಿಸಿದರೆ ಅದರ ಹಿಂದಿನ ಆರ್ಥಿಕ ನೆಲೆ ಮರೆಯಾಗುತ್ತದೆ. ಬಿಲ್‌ಬೋರ್ಡ್ 200ರ ಪಟ್ಟಿಯಲ್ಲಿ ಆಲ್ಬಂ ತಲಪಿದ ಅತ್ಯುನ್ನತ ಸ್ಥಾನ 179. ಅದೇ ಕೃತಿ 2020ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಸಾರ್ವಕಾಲಿಕ 500 ಶ್ರೇಷ್ಠ ಆಲ್ಬಂಗಳ ಸಾಲಿಗೆ ಸೇರಿತು. ಇವೆರಡರ ನಡುವಿನ ಹದಿನಾರು ವರ್ಷಗಳಲ್ಲಿ ಅದನ್ನು ಉಳಿಸಿದವರು ಕೇಳಿ ಕೇಳಿಸಿದ ರಸಿಕರು. ಕರಡನ್ನು ಹಂಚಿಕೊಂಡವರೂ ಇಂಥವರೇ ಎಂಬುದು ಇಲ್ಲಿನ ವಿಚಿತ್ರ.

2020ರ ಅಕ್ಟೋಬರ್ 31ರಂದು ಡುಮಿಲೆ ನಿಧನ ಹೊಂದಿದ. ಸುದ್ದಿ ಲೋಕಕ್ಕೆ ತಿಳಿದದ್ದು ಎರಡು ತಿಂಗಳ ಬಳಿಕ, ವರ್ಷದ ಕಡೆಯ ದಿನ. ಬಹುಕಾಲ ನಿರೀಕ್ಷಿಸಲಾಗಿದ್ದ ಇಬ್ಬರ ಎರಡನೆಯ ಆಲ್ಬಂ ಅವನ ಜೀವಿತಕಾಲದಲ್ಲಿ ಹೊರಬರಲಿಲ್ಲ. ಸೋರಿಹೋದ ಕರಡಿನ ಏರುದನಿಯನ್ನೇ ಹೆಚ್ಚು ಮೆಚ್ಚುವ ಕೇಳುಗರು ಮಾತ್ರ ಈಗಲೂ ಇದ್ದಾರೆ.