ನಾಲ್ಕು ಅಂಗುಲದ ಇಳಿತ



ಇಂದಿನ ಎಲೆಕ್ಟ್ರಾನಿಕ್ ಸಿಟಿಗೆ ಅನತಿದೂರದಲ್ಲಿರುವ ಬೇಗೂರಿನ ವೀರಗಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ತಾವು ನೋಡಿರಬಹುದು. ಸುಮಾರು 1,100 ವರ್ಷಗಳ ಹಿಂದೆ ಗಂಗರ ಎರೆಯಪ್ಪನ ಆಜ್ಞೆಯಂತೆ ನಾಗತ್ತರನು ತುಂಬೆಪಾಡಿಯಲ್ಲಿ ವೀರಮಹೇಂದ್ರನೊಡನೆ ಕಾದಿ ಮಡಿದನೆಂದೂ, ಬಳಿಕ ಇರುಗನಿಗೆ ನಾಗತ್ತರ ಪಟ್ಟವೂ ಬೆಂಪೂರು ಹನ್ನೆರಡೂ ದೊರೆತವೆಂದೂ ಅದರ ಶಾಸನವು ಹೇಳುತ್ತದೆ. ಆ ಕಲ್ಲಿನಲ್ಲಿ ಶೌರ್ಯಕ್ಕೆ ಎಡೆಯುಂಟು. ಕೊಲ್ಲುವವನ ಅಂತರಂಗಕ್ಕೆ ಎಡೆಯಿಲ್ಲ. ಅದನ್ನು ಬಗೆದು ತೋರಿದವರು ಭಾರತದ ಕವಿಗಳು.

ಕುರುಕ್ಷೇತ್ರದ ಯುದ್ಧವು ನಿಯಮಗಳೊಡನೆ ಆರಂಭವಾಗುತ್ತದೆ. ಸಮಾನರೊಡನೆ ಸಮಾನರು ಕಾದಬೇಕು. ಶಸ್ತ್ರ ತ್ಯಜಿಸಿದವನನ್ನು ಕೊಲ್ಲಬಾರದು. ಹದಿಮೂರನೆಯ ದಿನ ಹಲವರು ಸೇರಿ ಒಬ್ಬ ಅಭಿಮನ್ಯುವನ್ನು ಕೊಂದರು. ಮರುದಿನ, ಕೈ ಕತ್ತರಿಸಿಹೋಗಿ ಪ್ರಾಯೋಪವೇಶಕ್ಕೆ ಕುಳಿತ ಭೂರಿಶ್ರವನ ತಲೆಯನ್ನು ಸಾತ್ಯಕಿ ಕಡಿದನು. ಹದಿನೈದನೆಯ ದಿನ ಧರ್ಮರಾಯನು ಅಶ್ವತ್ಥಾಮನ ವಿಷಯದಲ್ಲಿ ಅರೆಸುಳ್ಳು ನುಡಿದನು. ಅದುವರೆಗೆ ನೆಲಕ್ಕಿಂತ ನಾಲ್ಕು ಅಂಗುಲ ಮೇಲೆ ಚಲಿಸುತ್ತಿದ್ದ ಅವನ ರಥವು ಆಗ ನೆಲ ಮುಟ್ಟಿತೆಂದು ವ್ಯಾಸಭಾರತವು ಹೇಳುತ್ತದೆ. ಈ ಮಾತಿನ ಸೂಕ್ಷ್ಮವನ್ನು ಗಮನಿಸಬೇಕು. ರಥವು ಪಾತಾಳಕ್ಕೆ ಇಳಿಯಲಿಲ್ಲ. ಎಲ್ಲರ ರಥದಂತಾಯಿತು, ಅಷ್ಟೆ. ಪಾಪದ ಮೊದಲ ಇಳಿತವು ಕಣ್ಣಿಗೆ ಕಾಣದಷ್ಟು ಅಲ್ಪ.

ಮುಂದೆ ಕರ್ಣನ ರಥಚಕ್ರ ಹೂತಾಗ, ಧರ್ಮವನ್ನು ನೆನೆಯೆಂದು ಬೇಡಿದ ಅವನಿಗೆ ಕೃಷ್ಣನು ಹಿಂದಿನ ಅಧರ್ಮಗಳನ್ನು ಎಣಿಸಿ ಹೇಳಿದನು. ಹದಿನೆಂಟನೆಯ ದಿನ ದುರ್ಯೋಧನನ ತೊಡೆ ಮುರಿಯಿತು. ಅಂದಿನ ರಾತ್ರಿ ಮಲಗಿದವರನ್ನು ಕೊಲ್ಲಹೊರಟ ಅಶ್ವತ್ಥಾಮನನ್ನು ಕೃಪಾಚಾರ್ಯನು ತಡೆದನು. ಆಗ ಅವನು ಕೊಟ್ಟ ಉತ್ತರವೇನು? ಪಾಂಡವರು ಧರ್ಮದ ಸೇತುವೆಯನ್ನು ಮೊದಲೇ ನೂರು ಚೂರು ಮಾಡಿದ್ದಾರೆ ಎಂಬುದೇ. ಯುದ್ಧದಲ್ಲಿ ಮೊದಲ ತಪ್ಪಿಗೆ ನೆಪ ಬೇಕು. ಎರಡನೆಯದಕ್ಕೆ ಮೊದಲನೆಯದೇ ಪ್ರಮಾಣವಾಗುತ್ತದೆ.

ಇದು ಪುರಾಣಕಾಲಕ್ಕೆ ಮುಗಿದ ಮಾತಲ್ಲ. 1942ರ ಜುಲೈ 13ರಂದು ಪೋಲೆಂಡಿನ ಯೂಜೆಫುಫ್ ಎಂಬ ಊರಿನಲ್ಲಿ ಜರ್ಮನಿಯ 101ನೆಯ ಮೀಸಲು ಪೊಲೀಸ್ ಪಡೆಯು ಯೆಹೂದಿಗಳನ್ನು ಗುಂಡಿಕ್ಕಿ ಕೊಂದಿತು. ಆ ಸಂಜೆ ಅನೇಕರಿಗೆ ಊಟ ಸೇರಲಿಲ್ಲ, ಮದ್ಯಕ್ಕೆ ಮೊರೆಹೊಕ್ಕರು. ಆದರೆ ಮುಂದಿನ ತಿಂಗಳುಗಳಲ್ಲಿ ಅದೇ ಕೆಲಸವು ಅವರಿಗೆ ವಾಡಿಕೆಯಾಯಿತೆಂದು ಇತಿಹಾಸಕಾರ ಕ್ರಿಸ್ಟೋಫರ್ ಬ್ರೌನಿಂಗ್ 1992ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಅವರು ಹುಟ್ಟು ಕ್ರೂರಿಗಳಲ್ಲ, ಸಾಧಾರಣ ಗೃಹಸ್ಥರು.

ಈ ಹಿನ್ನೆಲೆಯಲ್ಲಿ ನಮ್ಮ ಕುಮಾರವ್ಯಾಸನ ಹಿರಿಮೆ ಎದ್ದುಕಾಣುತ್ತದೆ. ಅವನ ಅರ್ಜುನನು ಕರ್ಣನನ್ನು ಕೊಲ್ಲಲು ಮನಸ್ಸೊಪ್ಪದೆ, ಇವನಾರೆಂದು ಕೃಷ್ಣನನ್ನು ಕೇಳುತ್ತಾನೆ. ಹದಿನೇಳು ದಿನಗಳ ಕೊಲೆಯ ನಂತರವೂ ಆ ಎದೆಯಲ್ಲಿ ಅಳುಕು ಉಳಿದಿದೆ. ಅದನ್ನು ದೌರ್ಬಲ್ಯವೆಂದು ಬಗೆಯುವವರುಂಟು. ನನಗಾದರೋ ಅದು ಇಡೀ ಯುದ್ಧದಲ್ಲಿ ಉಳಿದ ಕೊನೆಯ ಮನುಷ್ಯತ್ವವೆಂದು ತೋರುತ್ತದೆ.

ನಾವು ಭಾರತವನ್ನು ಕೇಳುವ ಬಗೆಯಲ್ಲಿಯೂ ಒಂದು ದೋಷವಿದೆ. ನಮಗೆ ಪ್ರಿಯರಾದವರ ತಪ್ಪು ಬಂದೊಡನೆ, ಎದುರಾಳಿಗಳು ಹಿಂದೆ ಮಾಡಲಿಲ್ಲವೆ ಎನ್ನುತ್ತೇವೆ. ಅರಿಯದೆಯೇ ಅಶ್ವತ್ಥಾಮನ ವಾದವನ್ನು ಒಪ್ಪುತ್ತೇವೆ. ಪೀಣ್ಯದ ಕಾರ್ಖಾನೆಯಲ್ಲಾಗಲಿ, ವೈಟ್‌ಫೀಲ್ಡಿನ ಕಚೇರಿಯಲ್ಲಾಗಲಿ ಪೈಪೋಟಿಗೆ ಯುದ್ಧವೆಂದು ಹೆಸರಿಟ್ಟ ಕ್ಷಣದಿಂದ ಆ ವಾದವು ನಮ್ಮ ಬಾಯಿಗೂ ಬರುತ್ತದೆ. “ಅವರು ಮಾಡಲಿಲ್ಲವೆ?” ಎಂಬ ಮಾತು ನಾಲಗೆಗೆ ಬಂದಾಗ, ವಾಚಕರೆ, ಕ್ಷಣಕಾಲ ನಿಂತು ನಮ್ಮ ರಥದ ಗಾಲಿ ಎಲ್ಲಿದೆಯೆಂದು ನೋಡಿಕೊಳ್ಳೋಣ.