ಹೊರುವುದಕ್ಕೆ ಪಾಲಿಮರ್, ಹಾರಿಸುವುದಕ್ಕೆ ಉಕ್ಕು

ಆಸ್ಟ್ರಿಯಾದ ಗ್ಲಾಕ್ 17 ಪಿಸ್ತೂಲು ಮ್ಯಾಗಝೀನ್ ಬಿಟ್ಟರೆ ಸುಮಾರು 630 ಗ್ರಾಂ ತೂಗುತ್ತದೆ. ಝೆಕ್ ದೇಶದ ಸಿಝಡ್ ಶ್ಯಾಡೋ 2 ತೂಕ 1,300 ಗ್ರಾಮಿಗೂ ಹೆಚ್ಚು. ಎರಡೂ ಹಾರಿಸುವುದು ಅದೇ 9 ಎಂಎಂ ಗುಂಡು. ಒಂದರ ಚೌಕಟ್ಟು ಪಾಲಿಮರ್, ಇನ್ನೊಂದರದು ಉಕ್ಕು. ಯಾವುದು ಮೇಲು ಎಂದು ಓದುಗರೊಬ್ಬರು ಕೇಳಿದ್ದಾರೆ. ಬಂದೂಕು ದಿನದ ಹೆಚ್ಚಿನ ಹೊತ್ತು ಎಲ್ಲಿರುತ್ತದೆ, ಸೊಂಟದಲ್ಲೋ ಕೈಯಲ್ಲೋ ಎಂದು ಮೊದಲು ಕೇಳಿಕೊಳ್ಳಬೇಕು.

ಪಾಲಿಮರ್ ಪಿಸ್ತೂಲು ಗ್ಲಾಕ್‌ನಿಂದಲೇ ಶುರುವಾಯಿತು ಎಂದು ಹಲವರು ನಂಬಿದ್ದಾರೆ. ಜರ್ಮನಿಯ ಹೆಕ್ಲರ್ ಆಂಡ್ ಕಾಖ್ ಕಂಪನಿಯ ವಿಪಿ70 ಅದಕ್ಕೂ ಮೊದಲೇ, 1970ರಲ್ಲಿ ಬಂದಿತ್ತು. ಆದರೆ 1980ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಸೇನೆ ಗ್ಯಾಸ್ಟನ್ ಗ್ಲಾಕ್ ಅವರ ಪಿಸ್ತೂಲನ್ನು ಒಪ್ಪಿಕೊಂಡ ಮೇಲೆಯೇ ಜಗತ್ತು ಇತ್ತ ಕಣ್ಣು ಹಾಯಿಸಿದ್ದು. ವಿಮಾನ ನಿಲ್ದಾಣದ ತಪಾಸಣೆ ಯಂತ್ರಕ್ಕೂ ಇದು ಸಿಗುವುದಿಲ್ಲ ಎಂದು ಅಮೆರಿಕದಲ್ಲಿ ಗುಲ್ಲೆದ್ದಿತು. ಅದು ಶುದ್ಧ ಸುಳ್ಳು. ಇದರ ಸ್ಲೈಡ್, ಬ್ಯಾರೆಲ್ ಎರಡೂ ಉಕ್ಕಿನವು. ಸ್ಲೈಡ್ ತೆಗೆದು ನೋಡಿ, ಚೌಕಟ್ಟಿನ ಎರಡೂ ಬದಿಗೆ ಹುದುಗಿಸಿದ ನಾಲ್ಕು ಪುಟ್ಟ ಉಕ್ಕಿನ ಪಟ್ಟಿಗಳು ಕಾಣುತ್ತವೆ. ಸ್ಲೈಡ್ ಓಡಾಡುವುದು ಅಷ್ಟರ ಮೇಲೆಯೇ. ಶ್ಯಾಡೋ 2ರ ಸ್ಲೈಡ್ ಚೌಕಟ್ಟಿನ ಒಳಮೈಗೆ ಉದ್ದಕ್ಕೂ ಕೂತು ಜಾರುತ್ತದೆ. ಒಮ್ಮೆ ಹಿಂದಕ್ಕೆಳೆದರೆ ಸಾಕು, ಬೆಣ್ಣೆಯಂಥ ಆ ನಯ ಕೈಗೆ ತಿಳಿಯುತ್ತದೆ.

ಇನ್ನು ಒದೆತದ ವಿಷಯ. 8 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಟಾಗ ಪಿಸ್ತೂಲು ಹಿಂದಕ್ಕೆ ಒದೆಯಲೇಬೇಕು. ಪಿಸ್ತೂಲಿನ ತೂಕ ಇಮ್ಮಡಿಯಾದರೆ ಹಿಂದೆ ಬರುವ ವೇಗ ಅರ್ಧಕ್ಕಿಳಿಯುತ್ತದೆ. ಮೂತಿ ಕಡಿಮೆ ಎದ್ದು, ಮುಂದಿನ ಗುಂಡಿಗೆ ಗುರಿ ಬೇಗ ಕೂಡಿಬರುತ್ತದೆ. ಐಪಿಎಸ್‌ಸಿ ಶೂಟಿಂಗ್ ಸ್ಪರ್ಧೆಗಳ ಪ್ರೊಡಕ್ಷನ್ ವಿಭಾಗದಲ್ಲಿ ಶ್ಯಾಡೋ 2 ಅಷ್ಟೊಂದು ಕೈಗಳಲ್ಲಿ ಕಾಣುವುದು ಈ ಕಾರಣಕ್ಕೆ. ಪಾಲಿಮರ್‌ನಲ್ಲಿ ಹೆಸರು ಮಾಡಿದ ವಾಲ್ಥರ್ ಈಗ ಉಕ್ಕಿನ ಚೌಕಟ್ಟನ್ನೂ, ಸ್ಮಿತ್ ಆಂಡ್ ವೆಸನ್ ಅಲ್ಯೂಮಿನಿಯಂ ಚೌಕಟ್ಟನ್ನೂ ಮಾರುತ್ತಿವೆ. ನನಗಂತೂ ಇದು ಸಂತೋಷದ ಸಂಗತಿ.

ಹಾಗೆಂದು ಪಾಲಿಮರನ್ನು ಹಗುರವಾಗಿ ಕಾಣುವುದು ಅನ್ಯಾಯ. ಪಾಳಿ ಮುಗಿಯುವ ತನಕ ಸೊಂಟದಲ್ಲಿ ಹೊರುವ ಪೊಲೀಸರಿಗೆ ಅರ್ಧ ಕಿಲೋ ಉಳಿದರೂ ದೊಡ್ಡದು. ಈ ಚೌಕಟ್ಟು ಬೆವರಿಗೆ ತುಕ್ಕು ಹಿಡಿಯುವುದಿಲ್ಲ, ಯುರೋಪಿನ ಚಳಿಯಲ್ಲಿ ಅಂಗೈ ಕೊರೆಯುವುದಿಲ್ಲ. ಬಾಳಿಕೆಯ ಬಗ್ಗೆ ಅನುಮಾನವೇ ಬೇಡ, 1980ರ ದಶಕದ ಗ್ಲಾಕ್‌ಗಳು ಇಂದಿಗೂ ಗುಂಡು ಹಾರಿಸುತ್ತಿವೆ. 1985ರಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಬೆರೆಟ್ಟಾವನ್ನು ಆರಿಸಿದ್ದ ಅಮೆರಿಕದ ಸೇನೆ 2017ರಲ್ಲಿ ಪಾಲಿಮರ್ ಚೌಕಟ್ಟಿನ ಸಿಗ್ ಸಾವರ್‌ಗೆ ಬದಲಾಯಿಸಿತು.

ಭಾರತದಲ್ಲಿ 9 ಎಂಎಂ ನಿಷೇಧಿತ ಬೋರ್ ಆದ್ದರಿಂದ ಸಾಮಾನ್ಯ ಪರವಾನಗಿದಾರರಿಗೆ ಈ ಆಯ್ಕೆಯೇ ಇಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ಮಾತ್ರ ಕೊಳ್ಳುವ ಮುನ್ನ ಬಾಡಿಗೆಗೆ ಕೊಡುವ ರೇಂಜಿಗೆ ಹೋಗಿ, ಒಂದೇ ದಿನ ಎರಡನ್ನೂ ಹಾರಿಸಿ ನೋಡಿ. ಹಿಡಿಕೆ ಅಂಗೈಗೆ ಕೂರದಿದ್ದರೆ ಯಾವ ಚೌಕಟ್ಟೂ ನೆರವಾಗದು. ಹಿಡಿಕೆ ಎರಡರದೂ ಹೊಂದಿದರೆ, ರೇಂಜಿಗಷ್ಟೇ ಒಯ್ಯುವ ಪಿಸ್ತೂಲು ಉಕ್ಕಿನದೇ ಇರಲಿ.