ಗೋಪ್ಯತೆ ಯಾರದು?

ಮಂತ್ರಿಗಳು ‘ಅಧಿಕಾರ ಮತ್ತು ಗೋಪ್ಯತೆಯ ಪ್ರಮಾಣವಚನ’ ಸ್ವೀಕರಿಸುತ್ತಾರೆ. ಮೊಬೈಲಿನಲ್ಲಿ ಆ್ಯಪ್ ತೆರೆದರೆ ಕೆಳಗೆಲ್ಲೋ ‘ಗೌಪ್ಯತಾ ನೀತಿ’ ಎಂದಿರುತ್ತದೆ. ಮೊದಲನೆಯದು ಸರ್ಕಾರದ ಕಡತಗಳನ್ನು ಜನರಿಂದ ಮರೆಯಲ್ಲಿಡುವ ಮಾತು. ಎರಡನೆಯದು ಜನರ ಬದುಕನ್ನು ಬಲಿಷ್ಠರ ಕಣ್ಣಿನಿಂದ ಕಾಯಬೇಕಾದ ಮಾತು. ಎರಡಕ್ಕೂ ನಾವು ಹೆಚ್ಚುಕಡಿಮೆ ಒಂದೇ ಪದ ಬಳಸುತ್ತೇವೆ. ಇದು ಬರೀ ಅನುವಾದದ ತೊಡಕಲ್ಲ ಎನ್ನಿಸಿದ್ದು ಪುಟ್ಟಸ್ವಾಮಿ ತೀರ್ಪನ್ನು ಓದುವಾಗ.

ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನವೆಂಬ ಮೂಲಭೂತ ಹಕ್ಕೇ ಸಂವಿಧಾನದಲ್ಲಿಲ್ಲ ಎಂದು ಸರ್ಕಾರ ವಾದಿಸಿತು. ಅದಕ್ಕೆ ಆಧಾರವಾಗಿ ಹಿಡಿದ ಹಳೆಯ ತೀರ್ಪುಗಳಲ್ಲಿ 1962ರ ಖರಕ್ ಸಿಂಗ್ ಪ್ರಕರಣವೂ ಒಂದು.

ಯಾವ ಕತೆಗೂ ಕಡಿಮೆಯಿಲ್ಲದ ಪ್ರಕರಣ ಅದು. ಉತ್ತರ ಪ್ರದೇಶದ ಈ ಮನುಷ್ಯ ದರೋಡೆ ಆರೋಪದಿಂದ ಸಾಕ್ಷ್ಯ ಸಾಲದೆ ಬಿಡುಗಡೆಯಾಗಿದ್ದ. ಆದರೂ ಪೊಲೀಸರು ರಾತ್ರಿ ಬಂದು ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ಊರು ಬಿಟ್ಟು ಹೋಗಬೇಕಾದರೆ ಚೌಕಿದಾರನಿಗೆ ಹೇಳಿ ಹೋಗಬೇಕಿತ್ತು. ಕೋರ್ಟು ರಾತ್ರಿಯ ಭೇಟಿಗಳನ್ನೇನೋ ರದ್ದು ಮಾಡಿತು. ಖಾಸಗಿತನದ ಹಕ್ಕನ್ನು ಮಾತ್ರ ಒಪ್ಪಲಿಲ್ಲ. ಇಲ್ಲಿ ‘ಗೋಪ್ಯತೆ’ ಎಂಬ ಪದ ಹಾಕಿ ನೋಡಿ, ಕೂಡುವುದೇ ಇಲ್ಲ. ಖರಕ್ ಸಿಂಗ್ ಏನನ್ನೂ ಬಚ್ಚಿಟ್ಟಿರಲಿಲ್ಲ. ಅವನಿಗೆ ಬೇಕಿದ್ದುದು ರಾತ್ರಿಯ ನಿದ್ದೆ.

ಜೇವರ್ಗಿ ತಾಲ್ಲೂಕಿನ ನಮ್ಮ ನೆಲೋಗಿಯಲ್ಲಿ ‘ಖಾಸಗಿ’ ಅಂದರೆ ಖಾಸಗಿ ಬಸ್ಸು, ಖಾಸಗಿ ಸಾಲಿ. ತೀರ್ಪಿನ ವಿಷಯ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ: ‘ಮುಚ್ಚಿಡ್ಲಾಕ ನಮ್ಮ ಬಲ್ಲಿ ಏನದ?’ ನಾನು ‘ಗೋಪ್ಯತೆ’ ಎಂದು ಹೇಳಿದ್ದರಿಂದಲೇ ಅವಳಿಗೆ ಆ ಪ್ರಶ್ನೆ ಬಂತು. ಗುಟ್ಟಿನ ಮಾತೆತ್ತಿದರೆ ಗುಟ್ಟೇನು ಎಂದು ಕೇಳುವುದು ಸಹಜ. ‘ನಿನ್ನ ಹೆಬ್ಬೆಟ್ಟಿನ ಗುರುತು ಎಲ್ಲಿಗೆ ಹೋಯಿತು, ಯಾರು ನೋಡಿದರು ಎಂದು ಕೇಳುವ ಹಕ್ಕು’ ಎಂದಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತಿತ್ತೇನೋ.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ದೊಡ್ಡ ತೀರ್ಪು, ಅನುಮಾನವಿಲ್ಲ. ಆದರೆ ಅರಿಸ್ಟಾಟಲನಿಂದ ಹಿಡಿದು ಅಷ್ಟು ತತ್ವ ಚರ್ಚಿಸುವ ಪಠ್ಯ, ಕದ್ದು ಕೇಳುವವನನ್ನು ಕೇಳುವವರು ಯಾರು ಎಂಬಲ್ಲಿ ತೆಳುವಾಗುತ್ತದೆ. ಕಾನೂನಿರಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಮಿತಿಯಲ್ಲಿರಬೇಕು ಎನ್ನುತ್ತದೆ. ಕಾವಲು ಯಾರದೆಂದು ಗಟ್ಟಿಯಾಗಿ ಹೇಳುವುದಿಲ್ಲ.

ಕರ್ನಾಟಕಕ್ಕೆ ಇದು ಹೊಸ ಪ್ರಶ್ನೆಯಲ್ಲ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಫೋನ್ ಕದ್ದಾಲಿಕೆಯ ಆರೋಪದ ನಡುವೆ. 2019ರಲ್ಲಿ ಇನ್ನೊಂದು ಕದ್ದಾಲಿಕೆ ಆರೋಪ ಸಿಬಿಐಗೆ ಹೋಯಿತು. ನಡುವೆ, 1996ರಲ್ಲಿ, ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದನ್ನು ಸಮಿತಿಯೊಂದು ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಆದರೆ ಸಮಿತಿಯ ಸದಸ್ಯರೂ ಕಾರ್ಯದರ್ಶಿಗಳೇ. ಅಪ್ಪಣೆ ಕೊಟ್ಟವರ ಪಕ್ಕದ ಕೋಣೆಯವರೇ ತನಿಖೆಗೆ ಕೂರುತ್ತಾರೆ! ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2021ರಲ್ಲಿ ಬ್ರಿಟನ್ನಿನ ಸಾಮೂಹಿಕ ಕಣ್ಗಾವಲಿನ ವಿರುದ್ಧ ತೀರ್ಪು ಕೊಟ್ಟಾಗ ಬೆರಳಿಟ್ಟು ತೋರಿಸಿದ್ದು ಇದೇ ಕೊರತೆಯನ್ನು: ಅನುಮತಿ ಕೊಡುವವರು ಸರ್ಕಾರದಿಂದ ಸ್ವತಂತ್ರರಾಗಿರಬೇಕು. ಸಾಮೂಹಿಕ ಕಣ್ಗಾವಲೇ ಬೇಡ ಎಂದು ಆ ಕೋರ್ಟೂ ಹೇಳಲಿಲ್ಲ, ಅದು ಬೇರೆ ಮಾತು.

ಪುಟ್ಟಸ್ವಾಮಿ ತೀರ್ಪಿನ ಹೆಸರು ಹೇಳಿಕೊಂಡೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ 17ನೇ ಕಲಂ, ಕೇಂದ್ರ ಸರ್ಕಾರ ತನಗೆ ಬೇಕಾದ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಅವಕಾಶ ಮಾಡಿಕೊಡುತ್ತದೆ. ಅದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನೂ ತಿದ್ದಿದೆ. ಸಾರ್ವಜನಿಕ ಹಿತವಿದ್ದರೆ ವೈಯಕ್ತಿಕ ಮಾಹಿತಿಯನ್ನೂ ಕೊಡಬಹುದೆಂದು ಆ ಕಲಮಿನೊಳಗೇ ಇದ್ದ ಷರತ್ತು ಹೋಗಿದೆ. 8(2)ರಲ್ಲಿ ಸಾರ್ವಜನಿಕ ಹಿತದ ದಾರಿ ಉಳಿದಿದೆ ನಿಜ, ಅದನ್ನು ತೆರೆಯುವುದು ಅಧಿಕಾರಿಯ ಕೈಯಲ್ಲಿದೆ. ಪ್ರಜೆ ಗೆದ್ದುಕೊಂಡ ಪದ ಹೀಗೆ ಮತ್ತೆ ಪ್ರಮಾಣವಚನದ ಪದವಾಗಿದೆ. ಇನ್ನು ಯಾರಾದರೂ ಪಂಚಾಯಿತಿಯಲ್ಲಿ ಬಿಲ್ಲಿನ ಹಣ ಯಾರ ಖಾತೆಗೆ ಹೋಯಿತೆಂದು ಕೇಳಿದರೆ, ಅದು ವೈಯಕ್ತಿಕ ಮಾಹಿತಿ ಎಂದು ಬರೆದು ಕಳಿಸುವುದು ಸುಲಭ.